ತೂಕ ನೋಡದ ಡಾಕ್ಟರು

ಆ ಡಾಕ್ಟರು ನನ್ನನ್ನು ಕೇಳಿದ್ದು ಎರಡೇ ಪ್ರಶ್ನೆ. ಎರಡಕ್ಕೂ ನಾನು ಸುಳ್ಳು ಹೇಳಿದೆ. ಅವರು ಲ್ಯಾಪ್‌ಟಾಪಿನ ಒಳಗಿದ್ದರು. ನಾನು ಸ್ಯಾನ್ ಫ್ರಾನ್ಸಿಸ್ಕೋ ಕಡೆಯ ಎವರ್‌ಗ್ರೀನ್ ಬಡಾವಣೆಯ ನಮ್ಮ ಮನೆಯಲ್ಲಿ ಊಟದ ಟೇಬಲ್ಲಿನ ಮುಂದೆ, ತಂಗಿಯ ಪಕ್ಕ ಬಗ್ಗಿ ನಿಂತಿದ್ದೆ. ಒಲೆಯ ಮೇಲಿಟ್ಟ ಕುಕ್ಕರು ಎರಡನೇ ಸಲ ಕೂಗುವುದರೊಳಗೆ ಎಲ್ಲ ಮುಗಿದುಹೋಯಿತು.

ಇದನ್ನು ಬರೆಯಲೇ ಎಂದು ತಂಗಿಯನ್ನು ಕೇಳಿದೆ. "ಬರಿ. ಆದ್ರೆ ನನ್ನ ತೂಕ ಎಷ್ಟು ಅಂತ ಬರೀಬೇಡ," ಎಂದಳು.

"ಯಾಕೆ?"

"ನಂಬರ್ ನೋಡಿದ ತಕ್ಷಣ ನನ್ನಂಥೋಳು ಇನ್ನೊಬ್ಳು ತನ್ನದ್ರ ಜೊತೆ ಕಂಪೇರು ಮಾಡ್ಕೋತಾಳೆ ಅಕ್ಕ."

ಆದ್ದರಿಂದ ಇಲ್ಲಿ ಆ ಅಂಕೆ ಇರುವುದಿಲ್ಲ. ಮಿಕ್ಕಿದ್ದೆಲ್ಲ ಇದೆ.

ನಾನು ಮಂಡ್ಯದ ಕಡೆಯವಳು. ಓದಿದ್ದು ಒಂಬತ್ತನೇ ತರಗತಿ. ಲೆಕ್ಕದಲ್ಲಿ ಎರಡು ಸಲ ಫೇಲಾದ ಮೇಲೆ ಮೇಷ್ಟ್ರೇ ಅಪ್ಪನನ್ನು ಕರೆದು, "ಇವಳಿಗೆ ಕೈಕೆಲಸ ಚೆನ್ನಾಗಿ ಬರುತ್ತೆ, ಬೇರೆ ಏನಾದರೂ ಕಲಿಸಿ," ಎಂದರಂತೆ. ಅಡುಗೆ ಕಲಿತೆ. ನನಗಿಂತ ಒಂಬತ್ತು ವರ್ಷ ಚಿಕ್ಕವಳಾದ ತಂಗಿ ಲೆಕ್ಕದಲ್ಲಿ ನೂರಕ್ಕೆ ನೂರು ತೆಗೆದು ಎಂಜಿನಿಯರಾದಳು, ಈ ದೇಶದವಳೂ ಆದಳು. ಆಮೇಲೆ ನಮ್ಮನ್ನು ಇಲ್ಲಿಗೆ ಕರೆಸಿಕೊಳ್ಳಲು ಅರ್ಜಿ ಹಾಕಿದಳು. ಒಡಹುಟ್ಟಿದವರ ಅರ್ಜಿ ಇಲ್ಲಿ ತುಂಬ ನಿಧಾನ. ನಾನೂ ನನ್ನ ಗಂಡನೂ ಬಂದಿಳಿಯುವ ಹೊತ್ತಿಗೆ ನನ್ನ ತಲೆ ಅರ್ಧ ನರೆತಿತ್ತು. ತಂಗಿಯ ಮದುವೆ ಆಗಿ, ಮುರಿದೂ ಹೋಗಿತ್ತು. ಈಗ ಮೂವರೂ ಅವಳ ಮನೆಯಲ್ಲೇ ಇದ್ದೇವೆ. ನನ್ನ ಗಂಡ ಮೆನ್ಲೋ ಪಾರ್ಕಿನ ಒಂದು ದೊಡ್ಡ ಆಫೀಸಿನ ಕ್ಯಾಂಟೀನಿನಲ್ಲಿ ತರಕಾರಿ ಹೆಚ್ಚುತ್ತಾರೆ. ನಾನು ಸುತ್ತಮುತ್ತಲ ನಾಲ್ಕು ಮನೆಗಳಿಗೆ ಹೋಗಿ ಅಡುಗೆ ಮಾಡಿಕೊಡುತ್ತೇನೆ.

ನಾಲ್ಕು ಮನೆಯವರು ನನ್ನ ಕೈಯಡುಗೆಯನ್ನು ಬೆರಳು ಚೀಪಿ ತಿನ್ನುತ್ತಿದ್ದರು. ನನ್ನ ತಂಗಿ ಮಾತ್ರ ತಿನ್ನುತ್ತಿರಲಿಲ್ಲ.

ಬಂದ ದಿನ ಏರ್‌ಪೋರ್ಟಿನಲ್ಲಿ ಅವಳನ್ನು ತಬ್ಬಿಕೊಂಡಾಗಲೇ ಬೆನ್ನಿನ ಮೂಳೆ ಒಂದೊಂದಾಗಿ ಕೈಗೆ ಸಿಕ್ಕಿತ್ತು. ಒಂಟಿಯಾಗಿ ಇದ್ದಳಲ್ಲ, ಸರಿಯಾಗಿ ಮಾಡಿಹಾಕುವವರಿರಲಿಲ್ಲ, ಇನ್ನು ಮೇಲೆ ನಾನಿದ್ದೇನೆ ಎಂದುಕೊಂಡೆ. ಬಸ್ಸಾರು ಮಾಡಿದೆ, ಅವರೆಕಾಳು ಹುಡುಕಿ ತರಿಸಿ ಹಿದುಕಿದೆ, ಅಕ್ಕಿ ರೊಟ್ಟಿ ತಟ್ಟಿದೆ. ಅವಳು ತಟ್ಟೆಯ ಮುಂದೆ ಕೂರುತ್ತಿದ್ದಳು. ನನ್ನ ಗಂಡನಿಗೆ ಎರಡೆರಡು ಸಲ ಬಡಿಸುತ್ತಿದ್ದಳು. ಸಾರಿಗೆ ಬೆಳ್ಳುಳ್ಳಿ ಒಗ್ಗರಣೆ ಎಷ್ಟು ಹದವಾಗಿದೆ ಎಂದು ಮೂಸಿ ನೋಡಿ ಹೇಳುತ್ತಿದ್ದಳು. ಎಲ್ಲರೂ ಎದ್ದ ಮೇಲೆ ಅವಳ ತಟ್ಟೆ ನೋಡಿದರೆ ಎಲ್ಲವೂ ಸ್ಥಳ ಬದಲಾಯಿಸಿರುತ್ತಿತ್ತು, ಅಷ್ಟೇ.

ಇದು ಒಂದು ಕಾಯಿಲೆ, ಇದಕ್ಕೊಂದು ಹೆಸರಿದೆ, ಡಾಕ್ಟರೊಬ್ಬರು ನಾವು ಬರುವ ಮೊದಲೇ ಅವಳಿಗೆ ಹೇಳಿದ್ದರು ಎಂಬುದು ನನಗೆ ಗೊತ್ತಾದದ್ದು ವರ್ಷ ಕಳೆದ ಮೇಲೆ. ಗೊತ್ತಾದ ಮೇಲೂ ನಾನು ಬೇರೆಯವರಿಗೆ ಹೇಳುತ್ತಿದ್ದದ್ದು ಒಂದೇ ಮಾತು: "ಅವಳಿಗೆ ಗ್ಯಾಸ್ಟ್ರಿಕ್ಕು." ನಮ್ಮ ಜನರಲ್ಲಿ ಗ್ಯಾಸ್ಟ್ರಿಕ್ ಎಂದರೆ ಮುಗಿಯಿತು. ಯಾರೂ ಮುಂದೆ ಕೇಳುವುದಿಲ್ಲ. ಜೀರಿಗೆ ಕಷಾಯ ಮಾಡುವ ಕ್ರಮ ಹೇಳಿ ಸುಮ್ಮನಾಗುತ್ತಾರೆ.

ಇನ್ನೊಂದು ಅಭ್ಯಾಸವನ್ನೂ ಹೇಳಬೇಕು. ನಾವು ಒಬ್ಬರನ್ನೊಬ್ಬರು ಕಂಡರೆ ಮೊದಲು ಕೇಳುವುದು "ಊಟ ಆಯ್ತಾ" ಎಂದು. ಅದಕ್ಕೆ ಉತ್ತರ "ಆಯ್ತು". ಹೊಟ್ಟೆ ಚುರುಗುಟ್ಟುತ್ತಿದ್ದರೂ "ಆಯ್ತು" ಎನ್ನುವುದೇ ಮರ್ಯಾದೆ. ಇಲ್ಲ ಎಂದರೆ ಕೇಳಿದವರಿಗೆ ತೊಂದರೆ. ತಂಗಿಯ ಪರವಾಗಿ ಈ ಉತ್ತರವನ್ನು ನಾನು ಚಿಕ್ಕಂದಿನಿಂದ ಹೇಳಿಕೊಂಡು ಬಂದಿದ್ದೆ. ಪರೀಕ್ಷೆಯ ದಿನಗಳಲ್ಲಿ ಪುಸ್ತಕ ಬಿಟ್ಟು ಏಳದೆ ಕೂತಿರುತ್ತಿದ್ದಳು. ಅಪ್ಪ ಕೆಲಸದಿಂದ ಬಂದು "ಮಗು ಉಂಡಳಾ?" ಎಂದರೆ ನಾನು ಒಳಗಿನಿಂದಲೇ "ಉಂಡಳು" ಎನ್ನುತ್ತಿದ್ದೆ. ಅವಳು ಬೈಸಿಕೊಳ್ಳಬಾರದು ಎಂದು. ಇಲ್ಲಿ ಬಂದ ಮೇಲೆ ಊರಿನ ನೆಂಟರು ಫೋನಿನಲ್ಲಿ ಕೇಳಿದಾಗಲೂ ಹಾಗೇ. ನಾಲಿಗೆಗೆ ಯೋಚನೆಯೇ ಬೇಕಿರಲಿಲ್ಲ.

ಆನ್‌ಲೈನ್ ಕ್ಲಿನಿಕ್ಕಿನ ವಿಷಯ ತಂದದ್ದು ತಂಗಿಯೇ. ಆಫೀಸಿನಲ್ಲಿ ಯಾರೋ ಹೇಳಿದ್ದರಂತೆ. ಮನೆಯಲ್ಲೇ ಕೂತು ಫಾರ್ಮು ತುಂಬಬೇಕು, ವಿಡಿಯೋದಲ್ಲಿ ಡಾಕ್ಟರು ಬರುತ್ತಾರೆ, ಮಾತಾಡಿಸಿ ಒಂದು ಪತ್ರ ಕೊಡುತ್ತಾರೆ, ಆ ಪತ್ರ ಇದ್ದರೆ ಗಾಂಜಾದಿಂದ ಮಾಡಿದ ಔಷಧಿ ತರಿಸಿಕೊಳ್ಳಬಹುದು. ಊಟ ಸೇರದವರಿಗೂ ಕೊಡುತ್ತಾರೆ ಎಂದಳು.

ನನ್ನ ಗಂಡ ಚಪಾತಿ ಮುರಿಯುತ್ತಿದ್ದವರು ಕೈ ನಿಲ್ಲಿಸಿದರು. "ಭಂಗಿ ಸೊಪ್ಪೇನಮ್ಮಿ ಅದು?" ಎಂದು ನನ್ನನ್ನು ಕೇಳಿದರು.

"ಮೆಲ್ಲಗೆ ಮಾತಾಡಿ."

"ಯಾಕ್ ಮೆಲ್ಲಗೆ? ಇಲ್ಲಿ ಅಂಗಡಿ ಇಟ್ಕಂಡು ಮಾರ್ತಾರೆ. ನಮ್ಮೂರ ಮಠಕ್ಕೆ ಬರೋ ಸಾಧುಗೋಳು ಅದ್ನೇ ಸೇದಿ, ಮೂರು ಜನದ ಅನ್ನ ಒಬ್ರೇ ಉಣ್ಣೋರು. ನಾನೇ ಬಡಿಸಿವ್ನಿ. ಅವ್ರಿಗೆ ಡಾಕ್ಟ್ರು ಚೀಟಿ ಬರ್ಕೊಟ್ಟಿರ್ನಿಲ್ಲ, ಅಷ್ಟೇಯ."

ತಂಗಿ ನಕ್ಕಳು. "ಭಾವ, ಇದು ಸೇದೋದಲ್ಲ. ಡ್ರಾಪ್ಸು. ನಾಲಿಗೆ ಕೆಳಗೆ ಹಾಕ್ಕೋಬೇಕು."

ಮೂರು ಜನದ ಅನ್ನ ಒಬ್ಬರೇ ಉಣ್ಣುತ್ತಿದ್ದರು ಎಂಬ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಮಾರನೇ ದಿನ ಅಡುಗೆಗೆ ಹೋದ ಮನೆಯಲ್ಲೂ ಅದೇ ಯೋಚನೆ. ಎಲೆಯ ರಸ ಹೊಟ್ಟೆಗೆ ಹೋಗಿ ಹಸಿವನ್ನು ಹೇಗೆ ಎಬ್ಬಿಸುತ್ತದೆ? ಇಂಗು, ಶುಂಠಿ, ಓಮ ಎಲ್ಲ ಹೊಟ್ಟೆಯನ್ನು ಹಗುರ ಮಾಡುತ್ತವೆ, ಅದು ಗೊತ್ತು. ಇದು ಹೊಟ್ಟೆಯ ಮೇಲೆ ಕೆಲಸ ಮಾಡುತ್ತದೋ, ತಲೆಯ ಮೇಲೋ? ತಂಗಿಯನ್ನು ಕೇಳಿದೆ. ತಲೆಯ ಮೇಲೆ ಎಂದಳು. ಹಾಗಾದರೆ ಹಸಿವು ಇರುವುದು ತಲೆಯಲ್ಲೇನು ಎಂದು ಕೇಳಿದೆ. "ಒಳ್ಳೇ ಪ್ರಶ್ನೆ ಕೇಳ್ತೀಯ ಅಕ್ಕ, ನೀನು ಓದ್ಬೇಕಿತ್ತು," ಎಂದು ಹಾರಿಸಿಬಿಟ್ಟಳು.

ಫಾರ್ಮು ತುಂಬುವಾಗ ನಾನು ಪಕ್ಕದಲ್ಲಿ ಕೂತಿದ್ದೆ. ಇಂಗ್ಲಿಷನ್ನು ನಾನು ಕೂಡಿಸಿಕೊಂಡು ಓದಬಲ್ಲೆ. ಕಾಯಿಲೆಗಳ ಪಟ್ಟಿ ಇತ್ತು, ಪ್ರತಿಯೊಂದರ ಮುಂದೆ ಚಿಕ್ಕ ಚೌಕ. ಸೊಂಟನೋವು, ನಿದ್ದೆ ಬಾರದಿರುವುದು, ವಾಂತಿ. ಹೋಟೆಲಿನಲ್ಲಿ ತಿಂಡಿ ಆರಿಸಿದ ಹಾಗೆ ಅವಳು ತನ್ನದನ್ನು ಆರಿಸಿದಳು.

"ಇಲ್ಲಿ ಅಂಗಡೀಲಿ ಯಾರು ಬೇಕಾದ್ರೂ ಹೋಗಿ ತಗೋಬಹುದಂತಲ್ಲ. ಡಾಕ್ಟ್ರು ಯಾಕೆ?" ಎಂದೆ.

"ಅದು ಬೇರೆ ಅಕ್ಕ. ಡಾಕ್ಟ್ರು ಬರ್ಕೊಟ್ರೆ ಟ್ರೀಟ್‌ಮೆಂಟು. ನಾನು ಟ್ರೀಟ್‌ಮೆಂಟ್ ತಗೋತಿದೀನಿ ಅಂತ ನಂಗೆ ಅನ್ಸ್ಬೇಕು."

ಅವಳ ಮಾಮೂಲಿ ಡಾಕ್ಟರ ಆಫೀಸಿನಿಂದ ಆಗಲೂ ಮೆಸೇಜುಗಳು ಬರುತ್ತಿದ್ದವು. ಬಂದು ತೂಕ ನೋಡಿಸಿಕೊಳ್ಳಿ, ರಕ್ತ ಪರೀಕ್ಷೆ ಬಾಕಿ ಇದೆ ಎಂದು. ಅವಳು ಅವನ್ನು ಬೆರಳಲ್ಲಿ ಪಕ್ಕಕ್ಕೆ ತಳ್ಳುತ್ತಿದ್ದಳು. ಲ್ಯಾಪ್‌ಟಾಪಿನ ಡಾಕ್ಟರು ಯಾರನ್ನೂ ತಕ್ಕಡಿಯ ಮೇಲೆ ಹತ್ತಿಸಲಾರರು. ಇದು ನನಗೆ ಹೊಳೆದದ್ದು ತುಂಬ ತಡವಾಗಿ. ಅವಳಿಗೆ ಮೊದಲ ದಿನವೇ ಹೊಳೆದಿತ್ತು.

ಫಾರ್ಮಿನಲ್ಲಿ ತೂಕದ ಜಾಗ ಬಂತು. ಅವಳು ಒಂದು ಅಂಕೆ ಹಾಕಿದಳು. ಅದು ಸುಳ್ಳು ಎಂದು ನನಗೆ ಗೊತ್ತಿತ್ತು. ಅದಕ್ಕೆ ನಾಲ್ಕು ದಿನ ಮೊದಲು, ಒಗೆಯುವ ಬಟ್ಟೆ ತೆಗೆಯಲು ಬಚ್ಚಲುಮನೆಗೆ ಹೋದಾಗ ಅವಳು ತೂಕದ ಮಣೆಯ ಮೇಲೆ ನಿಂತಿದ್ದಳು. ಕೆಂಪು ಅಂಕೆಗಳು ಉರಿಯುತ್ತಿದ್ದವು. "ನೋಡಿದ್ಯಾ?" ಎಂದಳು. "ಇಲ್ಲ ಕಣೆ, ಬಟ್ಟೆ ತಗೊಳ್ಳೋಕೆ ಬಂದೆ," ಎಂದೆ. ನೋಡಿದ್ದೆ. ಹನ್ನೆರಡು ವರ್ಷದ ಹುಡುಗಿಯ ತೂಕ ಅದು. ಆ ವಾರದಲ್ಲೇ ಎರಡು ಸಲ ಮೆಟ್ಟಿಲ ಮೇಲೆ ಕಣ್ಣು ಕತ್ತಲೆ ಬಂದು ಕುಸಿದಿದ್ದಳು. ಎರಡು ಸಲವೂ ಎತ್ತಿ ಕೂರಿಸಿದವಳು ನಾನೇ.

ವಿಡಿಯೋ ದಿನ ಅವಳು ಒಳಗೊಂದು ಸ್ವೆಟರು, ಮೇಲೊಂದು ಸ್ವೆಟರು ಹಾಕಿಕೊಂಡಳು. ಕುತ್ತಿಗೆಗೆ ದುಪ್ಪಟ ಸುತ್ತಿಕೊಂಡಳು. ಬಿಳಿ ಕೂದಲಿನ ಡಾಕ್ಟರು, ಸಮಾಧಾನದ ಮುಖ, ಹಿಂದೆ ಒಂದು ಗಿಡದ ಕುಂಡ. ಆ ಗಿಡ ನಿಜವೋ ಚಿತ್ರವೋ ಎಂದು ನಾನು ಅಡುಗೆಮನೆಯ ಬಾಗಿಲಿನಿಂದ ಇಣುಕಿ ನೋಡುತ್ತಿದ್ದೆ. ವಯಸ್ಸು, ನಿದ್ದೆ, ಬೇರೆ ಮಾತ್ರೆಗಳು, ಎದೆಯ ತೊಂದರೆ ಏನಾದರೂ ಇದೆಯೇ. ಅವಳು ಇಂಟರ್ವ್ಯೂ ಕೊಡುವವಳಂತೆ ಚಕಚಕನೆ ಹೇಳಿದಳು. ಆಮೇಲೆ ಅವರು ಮನೆಯಲ್ಲಿ ಜೊತೆಗೆ ಯಾರಿದ್ದಾರೆ ಎಂದು ಕೇಳಿದರು.

"ಅಕ್ಕ, ಬಾ ಇಲ್ಲಿ," ಎಂದಳು. ಸೆರಗಿಗೆ ಒಂದು ಕೈ ಒರೆಸಿಕೊಂಡು, ಇನ್ನೊಂದರಲ್ಲಿ ಸೌಟು ಹಿಡಿದೇ ಹೋಗಿ ಬಗ್ಗಿ ನಿಂತೆ.

ಡಾಕ್ಟರು ನಿಧಾನವಾಗಿ, ನನಗೆ ಅರ್ಥವಾಗುವಂತೆ ಕೇಳಿದರು. ಇವರು ದಿನಾ ಸ್ವಲ್ಪವಾದರೂ ಊಟ ಮಾಡುತ್ತಿದ್ದಾರೆಯೇ?

"ಯೆಸ್, ಯೆಸ್. ಈಟಿಂಗ್. ಲಿಟಲ್, ಲಿಟಲ್," ಎಂದೆ.

ತಲೆ ಸುತ್ತಿ ಬಿದ್ದದ್ದೇನಾದರೂ ಇದೆಯೇ?

"ನೋ, ನೋ."

ಅವರು ನನ್ನನ್ನು ನಂಬಿದರು. ಅಕ್ಕ, ವಯಸ್ಸಾದವಳು, ಕೈಯಲ್ಲಿ ಸೌಟು ಹಿಡಿದವಳು. ನಂಬದೆ ಏನು ಮಾಡುತ್ತಾರೆ? ಹತ್ತೇ ನಿಮಿಷದಲ್ಲಿ ಇಮೇಲಿಗೆ ಪತ್ರ ಬಂತು.

ಅಭ್ಯಾಸದಿಂದ ಬಾಯಿಗೆ ಬಂತು ಎಂದು ನಾನು ಬಹಳ ದಿನ ನನಗೇ ಹೇಳಿಕೊಂಡೆ. ಮೊದಲನೆಯದು ಹಾಗೆ ಇದ್ದೀತು. ಎರಡನೆಯದು ಹಾಗಲ್ಲ. ಬಿದ್ದಿದ್ದಾಳೆ ಎಂದರೆ ಅವರು ಔಷಧಿ ಕೊಡುವುದಿಲ್ಲ, ಆಸ್ಪತ್ರೆಗೆ ಹೋಗು ಎನ್ನುತ್ತಾರೆ ಎಂದು ನನಗೆ ತಿಳಿದಿತ್ತು. ನನಗೆ ಆ ಡ್ರಾಪ್ಸು ಬೇಕಿತ್ತು. ಅವಳು ನನ್ನ ಅಡುಗೆಯನ್ನು ತಟ್ಟೆ ಬರಿದಾಗುವಂತೆ ತಿನ್ನುವುದನ್ನು ಒಂದು ಸಲ ನೋಡಬೇಕಿತ್ತು. ಅದು ನನ್ನ ಆಸೆ. ಅದಕ್ಕಾಗಿ ಅವಳ ಜೀವವನ್ನು ಹಣೆಬರಹಕ್ಕೆ ಬಿಟ್ಟೆ.

ಎರಡು ದಿನದಲ್ಲಿ ಬೆರಳುದ್ದದ ಬಾಟಲಿ ಬಂತು, ಮುಚ್ಚಳದಲ್ಲೇ ಹನಿ ಹಾಕುವ ಕೊಳವೆ. ಮೂಸಿ ನೋಡಿದೆ. ಒಣಗಿದ ತುಂಬೆ ಗಿಡದ ವಾಸನೆ, ಹಿಂದೆಯೇ ಎಣ್ಣೆಯ ವಾಸನೆ. ಸಾರಿಗೆ ಉಪ್ಪು ನೋಡುವಂತೆ ಒಂದು ಹನಿ ನಾಲಿಗೆಗೆ ಹಾಕಿಕೊಂಡು ಗಡಿಯಾರ ನೋಡುತ್ತ ಕೂತೆ. ನನಗೆ ನಿದ್ದೆ ಬಂತು, ಬೇರೇನೂ ಆಗಲಿಲ್ಲ.

ತಂಗಿಗೆ ಆಯಿತು. ಶನಿವಾರ ಮಧ್ಯಾಹ್ನ ಹಾಕಿಕೊಂಡಳು. ಮುಕ್ಕಾಲು ಗಂಟೆ ಕಳೆದಿರಬೇಕು, ಅಡುಗೆಮನೆಗೆ ಬಂದು ಕಟ್ಟೆಗೆ ಒರಗಿ, "ಅಕ್ಕ, ಏನಿದೆ?" ಎಂದಳು. ಎಷ್ಟು ವರ್ಷದ ಮೇಲೆ ಆ ಮಾತು. ಅಕ್ಕಿ ಹಿಟ್ಟು ಕಲಸಿದೆ. ಈರುಳ್ಳಿ, ಸಬ್ಬಸಿಗೆ ಸೊಪ್ಪು. ಕಾವಲಿಯಿಂದ ತೆಗೆದ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟರೂ ಬೇಡ ಎನ್ನಲಿಲ್ಲ. ಎರಡು ತಿಂದಳು, ಮೂರನೆಯದರಲ್ಲಿ ಅರ್ಧ. ಚಟ್ನಿ ಬಟ್ಟಲನ್ನು ಬೆರಳಿನಿಂದ ಸವರಿದಳು. ನಾನು ಒಲೆಯ ಕಡೆ ತಿರುಗಿ ಕಣ್ಣು ಒರೆಸಿಕೊಂಡೆ.

ಅವಳು ಮಹಡಿಗೆ ಹೋದ ಕೂಡಲೇ ಗಂಡನಿಗೆ ಫೋನು ಮಾಡಿದೆ. "ತಿಂದ್ಲು ಕಣ್ರೀ."

"ಎಷ್ಟು?"

"ಎರಡೂವರೆ."

"ಬೆಣ್ಣೆ?"

"ಬೆಣ್ಣೇನೂ."

"ಸಾಧುಗೋಳು ಸುಳ್ಳಾಗ್ಲಿಲ್ಲ ಬುಡು," ಎಂದರು. ಫೋನಿನ ಹಿಂದೆ ಅವರ ಚಾಕುವಿನ ಸದ್ದು ನಿಂತು ಮತ್ತೆ ಶುರುವಾಯಿತು.

ಒಂದು ಗಂಟೆಯ ಮೇಲೆ ತಂಗಿ ಬೂಟು ಹಾಕಿಕೊಂಡು ಹೊರಗೆ ಹೋದಳು. ಎವರ್‌ಗ್ರೀನ್‌ನ ರಸ್ತೆಗಳೆಲ್ಲ ಗುಡ್ಡ ಹತ್ತುತ್ತವೆ. ತಿಂದದ್ದನ್ನೆಲ್ಲ ಕರಗಿಸಬೇಕು ಎಂಬಂತೆ ಕತ್ತಲಾಗುವವರೆಗೂ ಹತ್ತಿ ಇಳಿದು ಬಂದಳು. ತುಟಿ ಬೆಳ್ಳಗಾಗಿತ್ತು. ಭಾನುವಾರ ಬರೀ ಕಪ್ಪು ಕಾಫಿ. ಸೋಮವಾರವೂ. ಮಂಗಳವಾರ ಮತ್ತೆ ಡ್ರಾಪ್ಸು, ಮತ್ತೆ ರೊಟ್ಟಿ, ಮತ್ತೆ ಗುಡ್ಡ. ಮೊದಲು ದಿನಕ್ಕೆ ಒಂದಿಷ್ಟು ಮೊಸರು, ಒಂದು ಸೇಬು ಆದರೂ ಹೋಗುತ್ತಿತ್ತು. ಈಗ ಅದೂ ನಿಂತಿತು. ಇನ್ನೂ ಎರಡು ಸಲ ಕಣ್ಣು ಕತ್ತಲೆ ಬಂದು ಬಿದ್ದಳು. ತಿಂದ ದಿನ ತಿಂದಳು ಎಂದು ನಾನು ಎಣಿಸಿದೆ. ತಿನ್ನದ ದಿನಗಳು ಹೆಚ್ಚಾಗಿದ್ದನ್ನು ಎಣಿಸಲಿಲ್ಲ. ಆಮೇಲೆ ಎಣಿಸದೆ ವಿಧಿಯಿರಲಿಲ್ಲ.

ಒಂದು ಬೆಳಿಗ್ಗೆ ಕೇಳಿಯೇಬಿಟ್ಟೆ. "ಡ್ರಾಪ್ಸು ಹಾಕ್ಕೊಂಡಾಗ ಹಸಿವು ಬರುತ್ತೆ ತಾನೆ? ಅದೇ ಹಸಿವು ನಾಳೆಗೂ ಯಾಕೆ ಇರಲ್ಲ?"

ಅವಳು ನನ್ನನ್ನೇ ನೋಡಿದಳು. "ಹಸಿವಿಲ್ಲ ಅಂತ ನಾನು ಯಾವತ್ತು ಹೇಳ್ದೆ ಅಕ್ಕ?"

"ಮತ್ತೆ?"

"ಹಸಿವು ಯಾವಾಗ್ಲೂ ಇರುತ್ತೆ. ಮೀಟಿಂಗಲ್ಲಿ ಕೂತಿರ್ತೀನಿ, ನಿನ್ನ ಹುಳಿ ವಾಸನೆ ಬರುತ್ತೆ. ಮನೇಲಿ ಇಲ್ದಿದ್ರೂ ಬರುತ್ತೆ."

"ಹಾಗಾದ್ರೆ ತಿನ್ನೋಕೇನು?"

"ನೀನು ಎಸ್ಕಲೇಟರ್ ಮುಂದೆ ನಿಂತು ಕಾಲು ಎತ್ತಲ್ಲ. ಮಕ್ಕಳೆಲ್ಲ ಹತ್ತಿ ಹೋಗ್ತಾರೆ. ನಿಂಗೆ ಕಾಲಿಲ್ವಾ?"

"ಭಯ ಆಗುತ್ತೆ."

"ಹಾಂ. ಡ್ರಾಪ್ಸು ಹಾಕ್ಕೊಂಡ್ರೆ ನನ್ನನ್ನ ಯಾರೋ ಹಿಂದಿನಿಂದ ತಳ್ಳಿ ಹತ್ತಿಸಿದ ಹಾಗೆ. ಮೇಲೆ ಹೋದ್ಮೇಲೆ ಭಯ ಡಬಲ್ಲಾಗುತ್ತೆ."

ಎಷ್ಟೋ ವರ್ಷದಿಂದ ಅವಳ ಹಸಿವು ಸತ್ತುಹೋಗಿದೆ, ಅದನ್ನು ಎಬ್ಬಿಸಬೇಕು ಎಂದು ನಾನು ಒಗ್ಗರಣೆಯ ಮೇಲೆ ಒಗ್ಗರಣೆ ಹಾಕಿದ್ದೆ. ಅವಳು ಹಸಿದುಕೊಂಡೇ ನನ್ನ ಎದುರು ಕೂತಿದ್ದಳು. ಅಡುಗೆಯವಳಾದ ನನಗೆ ಹಸಿದ ಮುಖ ಗೊತ್ತಾಗಲಿಲ್ಲ. ಈ ಕಾಯಿಲೆಯ ಬಗ್ಗೆ ನನಗೆ ಮೊದಲ ಬಾರಿ ನಿಜವಾದ ಕುತೂಹಲ ಹುಟ್ಟಿದ್ದು ಆ ಬೆಳಿಗ್ಗೆ. ಹಸಿವು ಒಂದು, ಭಯ ಇನ್ನೊಂದು. ಆ ಬಾಟಲಿ ಒಂದನ್ನು ಮಾತ್ರ ಮುಟ್ಟುತ್ತದೆ ಎಂದಾದರೆ, ಇನ್ನೊಂದನ್ನು ಮುಟ್ಟುವುದು ಯಾವುದು? ಅವಳು ಡಾಕ್ಟರಿಗೆ ಇದನ್ನು ಹೇಳಿದ್ದಳೇ? ಇಲ್ಲ. ಅವರು ಕೇಳಿರಲಿಲ್ಲ. ಅವರು ಕೇಳಿದ್ದಕ್ಕೆ ನಾವು ನಿಜ ಹೇಳಿರಲಿಲ್ಲ.

ಆ ದಿನವೇ ಅವಳನ್ನು ಮಾಮೂಲಿ ಡಾಕ್ಟರ ಬಳಿ ಎಳೆದುಕೊಂಡು ಹೋಗಬೇಕಿತ್ತು. "ಈ ವಾರ ಹೋಗೋಣ ಕಣೆ," ಎಂದೆ. "ಈ ವಾರ ಆಫೀಸಲ್ಲಿ ರಿಲೀಸಿದೆ, ತುಂಬ ಕೆಲಸ," ಎಂದಳು. ಸುಮ್ಮನಾದೆ. ಇದನ್ನೂ ನನ್ನ ತಪ್ಪುಗಳಲ್ಲಿ ಸೇರಿಸುತ್ತೇನೆ.

ಆ ವಾರದ ಶುಕ್ರವಾರ ನನ್ನ ಪಾಸ್‌ಪೋರ್ಟಿನ ಕೆಲಸಕ್ಕೆ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಬೇಕಿತ್ತು. ಬೆರ್ರಿಯೆಸಾ ಸ್ಟೇಷನ್ನಿನಲ್ಲಿ ಕಾರು ನಿಲ್ಲಿಸಿ ನಾವಿಬ್ಬರೂ ಪ್ಲಾಟ್‌ಫಾರ್ಮಿಗೆ ಬಂದೆವು. ರೈಲು ನಿಂತಿತ್ತು, ಬಾಗಿಲು ತೆರೆದಿತ್ತು. ಅವಳು ಒಳಗೆ ಕಾಲಿಡುವ ಬದಲು ನೆಲದ ಮೇಲೆ ಕೂತಳು, ಹಾಗೇ ಪಕ್ಕಕ್ಕೆ ವಾಲಿದಳು. ನೀಲಿ ಜಾಕೆಟ್ಟಿನ ಒಬ್ಬ ಹೆಂಗಸು ಓಡಿ ಬಂದು ಅವಳ ಕಾಲುಗಳನ್ನು ತನ್ನ ಬ್ಯಾಗಿನ ಮೇಲೆ ಎತ್ತಿಟ್ಟು ಆಂಬುಲೆನ್ಸಿಗೆ ಫೋನು ಮಾಡಿದಳು. ರೈಲು ನಮ್ಮನ್ನು ಬಿಟ್ಟು ಹೋಯಿತು.

ಆಸ್ಪತ್ರೆಯಲ್ಲಿ ಎಚ್ಚರವಾದ ತಂಗಿ ನರ್ಸಿಗೆ ಹೇಳಿದ ಮೊದಲ ಮಾತು, ಬೆಳಿಗ್ಗೆ ತಿಂಡಿ ತಿಂದಿದ್ದೇನೆ, ಬರೀ ಲೋ ಬೀಪಿ ಎಂದು. ನರ್ಸು ನನ್ನ ಕಡೆ ತಿರುಗಿದಳು. ನಾನು ತಡವರಿಸಿದ್ದನ್ನು ನೋಡಿ, ಯಾವ ಭಾಷೆ ಎಂದು ಕೇಳಿ, ಚಕ್ರದ ಕಂಬದ ಮೇಲೆ ಕೂರಿಸಿದ ಒಂದು ಸ್ಕ್ರೀನನ್ನು ತಳ್ಳಿಕೊಂಡು ಬಂದಳು. ಅದರಲ್ಲಿ ಕುಂಕುಮ ಇಟ್ಟುಕೊಂಡ ಒಬ್ಬ ಹೆಂಗಸು ಕಾಣಿಸಿದರು.

"ನಮಸ್ಕಾರ್ರೀ ಅಕ್ಕಾರ. ನಾ ಇಂಟರ್‌ಪ್ರಿಟರ್ ಅದೀನಿ. ನೀವು ಏನ್ ಹೇಳ್ತೀರಿ, ಅದನ್ನಷ್ಟ ಅವರಿಗೆ ಹೇಳ್ತೀನ್ರಿ. ಕೂಡ್ಸೂದಿಲ್ಲ, ಕಳಿಯೂದಿಲ್ಲ."

ಧಾರವಾಡದ ಕಡೆಯ ಮಾತು. ಎಲ್ಲಿ ಕೂತಿದ್ದರೋ ಅವರು. ನರ್ಸು ಇಂಗ್ಲಿಷಿನಲ್ಲಿ ಕೇಳಿದಳು, ಅವರು ಕನ್ನಡದಲ್ಲಿ ಕೇಳಿದರು: "ಇವರು ಕಡೀಕ ಊಟ ಮಾಡಿದ್ದು ಯಾವಾಗ್ರೀ?"

ತಂಗಿ ಮಂಚದಿಂದ, "ಅಕ್ಕ," ಎಂದಳು. ಅಷ್ಟೇ. ಆ ಒಂದು ಪದದಲ್ಲಿ ಏನು ಕೇಳುತ್ತಿದ್ದಾಳೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

"ಮೂರು ದಿನದಿಂದ ಕಾಫಿ ಬಿಟ್ರೆ ಏನೂ ಇಲ್ಲ," ಎಂದೆ. "ಒಂದು ತಿಂಗಳಲ್ಲಿ ನಾಲ್ಕು ಸಲ ಬಿದ್ದಿದ್ದಾಳೆ. ಇವತ್ತಿಂದು ಐದನೇದು." ಸ್ಕ್ರೀನಿನವರು ಅದನ್ನು ಇಂಗ್ಲಿಷಿಗೆ ಹಾಕಿದರು. ನನ್ನ ಮಾತು ಇನ್ನೊಬ್ಬರ ಬಾಯಲ್ಲಿ, ತಂಗಿಗೆ ಅರ್ಥವಾಗುವ ಎರಡನೇ ಭಾಷೆಯಲ್ಲಿ ಮತ್ತೆ ಬಂತು. ಅವಳು ಎರಡು ಸಲ ಕೇಳಿಸಿಕೊಳ್ಳಬೇಕಾಯಿತು.

"ಡ್ರಾಪ್ಸು ತಗೋತಿದ್ಳು. ಕಂಪ್ಯೂಟರಲ್ಲಿ ಬಂದ ಡಾಕ್ಟ್ರಿಗೆ ಊಟ ಮಾಡ್ತಾಳೆ, ಬಿದ್ದಿಲ್ಲ ಅಂತ ನಾನೇ ಹೇಳ್ದೆ. ಸುಳ್ಳು ಹೇಳ್ದೆ."

ಸ್ಕ್ರೀನಿನವರು ನನ್ನ ಕಡೆ ಬಗ್ಗಿದರು. "ಸುಳ್ಳ ಹೇಳಿದೆ ಅನ್ನೂದನ್ನೂ ಹೇಳ್ಲೇನ್ರೀ ಅಕ್ಕಾರ?"

"ಹೇಳಿ."

ಹೇಳಿದರು. ತಂಗಿ ಗೋಡೆಯ ಕಡೆ ಹೊರಳಿದಳು.

ಎದೆಯ ಬಡಿತ ತೀರ ನಿಧಾನವಾಗಿತ್ತು, ರಕ್ತದಲ್ಲಿ ಪೊಟ್ಯಾಸಿಯಮ್ ಇಳಿದುಹೋಗಿತ್ತು. ಅಲ್ಲೇ ಇರಿಸಿಕೊಂಡರು. ಅಲ್ಲಿಯ ಡಾಕ್ಟರಮ್ಮನಿಗೆ ಆ ಬಾಟಲಿಯನ್ನು ತೋರಿಸಿದೆ. ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ. ಬೇರೆ ಕಾಯಿಲೆಗಳಲ್ಲಿ ಹಸಿವು ಸತ್ತವರಿಗೆ ಇದು ಕೆಲವೊಮ್ಮೆ ಸಹಾಯವಾಗಬಹುದು, ಈ ಕಾಯಿಲೆಯಲ್ಲಿ ಸಹಾಯವಾಗುತ್ತದೆ ಎನ್ನಲು ತಮಗೆ ಧೈರ್ಯವಿಲ್ಲ, ಇಷ್ಟು ನಿಧಾನವಾದ ಎದೆಗಂತೂ ಬೇಡವೇ ಬೇಡ ಎಂದರು. ಇವಳಿಗೆ ಬೇಕಾದದ್ದು ಪದೇ ಪದೇ ತೂಕ ನೋಡುವವರು, ಊಟಕ್ಕೆ ಜೊತೆ ಕೂರುವವರು, ಭಯದ ಬಗ್ಗೆ ಮಾತಾಡಿಸುವವರು ಎಂದರು. ಆಮೇಲೆ ನನ್ನನ್ನು ನೋಡಿ, ವಿಡಿಯೋದಲ್ಲಿ ಬಂದ ಡಾಕ್ಟರಿಗೆ ನಿಜ ಗೊತ್ತಿದ್ದರೆ ಅವರೂ ಇಲ್ಲಿಗೇ ಕಳಿಸುತ್ತಿದ್ದರೇನೋ ಎಂದರು. ಅದು ಬೈಗುಳಕ್ಕಿಂತ ಹೆಚ್ಚಾಯಿತು.

ತಂಗಿ ನನ್ನ ಜೊತೆ ಒಂಬತ್ತು ದಿನ ಮಾತಾಡಲಿಲ್ಲ. ಭಾವನ ಜೊತೆ ಮಾತಾಡುತ್ತಿದ್ದಳು. ನಾನು ಕುರ್ಚಿಯಲ್ಲಿ ಕೂತಿರುತ್ತಿದ್ದೆ. ಆಸ್ಪತ್ರೆಯ ತಟ್ಟೆ ಬರುತ್ತಿತ್ತು: ಉಪ್ಪಿಲ್ಲದ ಬೀನ್ಸು, ಮೆತ್ತಗಿನ ಪಾಸ್ತಾ. ಅದನ್ನು ನೋಡಿದರೆ ನನಗೇ ಹಸಿವು ಹೋಗುತ್ತಿತ್ತು. ಅವಳು ಒಬ್ಬ ನರ್ಸಿನ ಎದುರು ಕೂತು, ಅಳುತ್ತ, ಗಂಟೆಗಟ್ಟಲೆ ಅದನ್ನು ತಿನ್ನುತ್ತಿದ್ದಳು. ರುಚಿಗೂ ಅವಳ ತಿನ್ನುವಿಕೆಗೂ ಸಂಬಂಧವೇ ಇಲ್ಲ ಎಂಬುದು ನನಗೆ ಅಲ್ಲಿ ಪಾಠವಾಯಿತು. ನನ್ನ ಕಸುಬಿನ ಹೆಮ್ಮೆ ಅರ್ಧ ಅಲ್ಲೇ ಇಳಿಯಿತು.

ಹತ್ತನೇ ದಿನ ಕಿಟಕಿ ನೋಡುತ್ತಲೇ, "ತೂಕದ ಮಣೇಲಿ ನಂಬರ್ ನೋಡಿದ್ಯಲ್ಲ ಅವತ್ತು?" ಎಂದಳು.

"ನೋಡ್ದೆ."

"ಇಲ್ಲ ಅಂದೆ."

"ನೋಡಿಲ್ಲ ಅಂತ ನಾನು ಅನ್ನಲಿ ಅಂತ ನೀನು ಕಾಯ್ತಿದ್ದೆ ಅನ್ಸ್ತು."

"ಹೌದು, ಕಾಯ್ತಿದ್ದೆ," ಎಂದಳು. ಆಮೇಲೆ ಕಿಟಕಿ ಬಿಟ್ಟು ನನ್ನ ಕಡೆ ತಿರುಗಿ, "ನೋಡಿದೀನಿ ಅನ್ನಲಿ ಅಂತಲೂ ಕಾಯ್ತಿದ್ದೆ," ಎಂದಳು.

ಈಗ ಅವಳು ವಾರಕ್ಕೆ ಐದು ದಿನ ಈ ಕಾಯಿಲೆಯವರಿಗೆಂದೇ ಇರುವ ಒಂದು ಡೇ ಪ್ರೋಗ್ರಾಮಿಗೆ ಹೋಗುತ್ತಾಳೆ. ಬೆಳಿಗ್ಗೆ ಹೋದರೆ ಸಂಜೆ ಮನೆಗೆ. ಅಲ್ಲಿ ಬೆನ್ನು ತಿರುಗಿಸಿ ನಿಲ್ಲಿಸಿ ತೂಕ ನೋಡುತ್ತಾರೆ. ಅಂಕೆಯನ್ನು ಅವಳಿಗೆ ತೋರಿಸುವುದಿಲ್ಲ, ಬರೆದುಕೊಳ್ಳುತ್ತಾರೆ. ವಾರಕ್ಕೊಮ್ಮೆ ಮನೆಯವರೂ ಹೋಗಿ ಜೊತೆಗೆ ಊಟಕ್ಕೆ ಕೂರಬೇಕು. ಮೊದಲ ಸಲ ಹೋಗುವ ಹಿಂದಿನ ದಿನ, ಆನ್‌ಲೈನ್ ಡಾಕ್ಟರಿಗೆ ನಿಜ ತಿಳಿಸಬೇಕು ಎಂದು ಅವಳಿಗೆ ಹೇಳಿದೆ.

"ಅವ್ರಿಗೆ ನಾವು ನೆನಪೂ ಇರಲ್ಲ ಅಕ್ಕ."

"ಇರದಿದ್ರೆ ಇರ್ಲಿ. ಅವರ ಕಾಗದದಲ್ಲಿ ನನ್ನ ಸುಳ್ಳು ಹಾಗೇ ಕೂತಿರುತ್ತಲ್ಲ."

ಲ್ಯಾಪ್‌ಟಾಪು ತೆರೆದು ಅವರ ಪುಟದಲ್ಲಿ ಮೆಸೇಜು ಬರೆಯುವ ಜಾಗ ಹುಡುಕಿದಳು. ನಾನು ಕನ್ನಡದಲ್ಲಿ ಹೇಳಿದೆ, ಅವಳು ಇಂಗ್ಲಿಷಿನಲ್ಲಿ ಹೊಡೆದಳು. ನಾನು ಹೇಳಿದ್ದಕ್ಕಿಂತ ಉದ್ದವಾಗುತ್ತಿದೆ ಎನ್ನಿಸಿ, "ಏನು ಸೇರಿಸ್ತಿದೀಯ?" ಎಂದೆ. ಬಗ್ಗಿ ಕೂಡಿಸಿಕೊಂಡು ಓದಿದೆ. ಫಾರ್ಮಿನಲ್ಲಿ ಹಾಕಿದ ತೂಕ ಸುಳ್ಳು, ಆ ದಿನದ ನಿಜವಾದ ತೂಕ ಇಷ್ಟು ಎಂದು ಅಂಕೆ ಸಮೇತ ಬರೆದಿದ್ದಳು. ಕಳಿಸುವ ಗುಂಡಿ ಒತ್ತಿದಳು. ಕೂಡಲೇ ಒಂದು ಉತ್ತರ ಬಂತು, ಯಂತ್ರದ್ದು: ನಿಮ್ಮ ಅನಿಸಿಕೆಗೆ ಧನ್ಯವಾದ, ನಿಮ್ಮ ಪತ್ರ ಇನ್ನೂ ಚಾಲ್ತಿಯಲ್ಲಿದೆ ಎಂದು. ಇಬ್ಬರೂ ನಕ್ಕೆವು. ನಗಬಾರದ ವಿಷಯವೇ.

"ನಾಳೆ ಅಲ್ಲಿ ಡಯಟಿಶಿಯನ್ ಎಷ್ಟು ತಿಂದೆ ಅಂತ ಕೇಳ್ತಾರೆ," ಎಂದಳು. "ನೀನು ಉತ್ತರ ಹೇಳ್ಬೇಡ. ಒಳ್ಳೇದನ್ನೂ ಹೇಳ್ಬೇಡ, ಕೆಟ್ಟದನ್ನೂ ಹೇಳ್ಬೇಡ. ನಾನೇ ಹೇಳ್ತೀನಿ. ನಾನು ಸುಳ್ಳು ಹೇಳಿದ್ರೆ ಮಾತ್ರ ಬಾಯಿ ಬಿಡು."

ಮಾರನೇ ದಿನ ಊಟದ ಮೇಲೆ ಮೂವರು ಒಂದು ಚಿಕ್ಕ ಕೋಣೆಯಲ್ಲಿ ಕೂತೆವು. ಡಯಟಿಶಿಯನ್ ಚಿಕ್ಕ ವಯಸ್ಸಿನ ಹುಡುಗಿ, ಕಾಗದ ನೋಡುತ್ತ, ಇವತ್ತಿನ ಸ್ಯಾಂಡ್‌ವಿಚ್ ಪೂರ್ತಿ ಆಯಿತೇ ಎಂದು ಕೇಳಿದಳು. ಊಟದ ಟೇಬಲ್ಲಿನಲ್ಲಿ ನಾನು ತಂಗಿಯ ಎದುರೇ ಕೂತಿದ್ದೆ. ಅವಳ ಕೈ ಮಡಿಲಿಗೆ ಹೋದದ್ದನ್ನು ಕಂಡಿದ್ದೆ. ನನ್ನ ನಾಲಿಗೆಯ ತುದಿಗೆ ಹೌದು ಎಂಬುದೂ ಬಂತು, ಇಲ್ಲ ಎಂಬುದೂ ಬಂತು. ಎರಡನ್ನೂ ಹಲ್ಲು ಕಚ್ಚಿ ಹಿಡಿದು ಕಾರ್ಪೆಟ್ಟಿನ ಗೆರೆಗಳನ್ನು ನೋಡುತ್ತ ಕೂತೆ. ಪಕ್ಕದ ಕೋಣೆಯಲ್ಲಿ ಯಾರೋ ಕುರ್ಚಿ ಎಳೆದರು.

ತಂಗಿ ಬ್ಯಾಗಿನ ಜಿಪ್ಪು ಎಳೆದು, ಕಾಗದದ ಟವೆಲಿನಲ್ಲಿ ಸುತ್ತಿದ ಅರ್ಧ ಸ್ಯಾಂಡ್‌ವಿಚ್ಚನ್ನು ತೆಗೆದು ಟೇಬಲ್ಲಿನ ಮೇಲಿಟ್ಟಳು.

"ಅರ್ಧ ಆಗಿದೆ," ಎಂದಳು. ಹುಡುಗಿಗೆ ಇಂಗ್ಲಿಷಿನಲ್ಲಿ ಹೇಳಿ, ಅದನ್ನೇ ನನ್ನ ಕಡೆ ತಿರುಗಿ ಕನ್ನಡದಲ್ಲೂ ಹೇಳಿದಳು. ಹುಡುಗಿ ಬರೆದುಕೊಂಡು, ಮಿಕ್ಕಿದ್ದನ್ನು ಈಗ ಇಲ್ಲೇ ಪ್ರಯತ್ನ ಮಾಡೋಣವೇ ಎಂದು ಕೇಳಿದಳು. ತಂಗಿ ಟವೆಲನ್ನು ಬಿಡಿಸಿದಳು.